ಕುಡಚಿ ಮಾರ್ಗ: ಚೀನಾದ ಕಥೆ ಅರ್ಧಕ್ಕೇ ನಿಲ್ಲದಿರಲಿ

ಮಾನ್ಯರೇ,

ಬಾಗಲಕೋಟೆ–ಕುಡಚಿ ರೈಲು ಮಾರ್ಗದ ವಿಳಂಬ ಕುರಿತು ಕಳೆದ ವಾರ ಓದುಗರೊಬ್ಬರು ಬರೆದ ಪತ್ರ ಓದಿದೆ. ಚೀನಾದವರಂತೆ ಯಾರ ತಕರಾರಿಗೂ ಕಿವಿಗೊಡದೆ ಹಳಿ ಹಾಸಿಬಿಡಬೇಕು ಎಂಬುದು ಅವರ ವಾದ. ಅವಸರ ನನಗೂ ಇದೆ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದೇ ಮುದುಕನಾದವನು ನಾನು. ಲಾರಿ ಬಾಡಿಗೆ ರೈತನ ಪಟ್ಟಿಯಲ್ಲಿ ಎಷ್ಟು ಕಡಿಯುತ್ತದೆ ಎಂಬುದು ಚೆನ್ನಾಗಿ ಗೊತ್ತು. ಆದರೆ ಕಿವಿಗೊಡದ ಚೀನಾ ಏನಾಯಿತು ಎಂಬುದನ್ನು ಅವರು ಬರೆಯಲಿಲ್ಲ. ಸಿಚುವಾನ್ ಪ್ರಾಂತ್ಯದಲ್ಲಿ ರೈಲಿಗೆಂದು ಹೊಲದ ಗೇಣಿಯ ಮೇಲೆ ವಂತಿಗೆ ಎತ್ತಿದ್ದ ಸರ್ಕಾರ, 1911ರ ಮೇ ತಿಂಗಳಲ್ಲಿ ಆ ಮಾರ್ಗವನ್ನೇ ತನ್ನ ವಶಕ್ಕೆ ತೆಗೆದುಕೊಂಡು ವಿದೇಶಿ ಬ್ಯಾಂಕುಗಳ ಸಾಲಕ್ಕೆ ಕಟ್ಟಿತು. ಜನ ಸಿಡಿದೆದ್ದರು. ಅವರನ್ನು ಅಡಗಿಸಲು ನೆರೆಯ ಹುಬೇ ಪ್ರಾಂತ್ಯದಿಂದ ಸೈನ್ಯ ಹೊರಟಿತು. ಇತ್ತ ಅಕ್ಟೋಬರ್ 10ರಂದು ಹುಬೇಯ ವೂಚಾಂಗ್‌ನಲ್ಲೇ ದಂಗೆ ಎದ್ದಿತು. 1912ರ ಫೆಬ್ರುವರಿ ಹೊತ್ತಿಗೆ ಸಿಂಹಾಸನವೇ ಇರಲಿಲ್ಲ.

ನನಗೆ ಹೆಚ್ಚು ಕಾಡುವುದು ಅದಕ್ಕೂ ಹಿಂದಿನ ಮಾತು. 1876ರಿಂದ 1879ರವರೆಗೆ ಉತ್ತರ ಚೀನಾದಲ್ಲಿ ಘೋರ ಬರ ಬಿದ್ದು, 90 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. ಆಗ ಧಾನ್ಯವೇ ಇರಲಿಲ್ಲವೆಂದಲ್ಲ. ಚೀನಾದ ಹಿರಿಯ ಅಧಿಕಾರಿ ಲಿ ಹಾಂಗ್‌ಝಾಂಗ್ 1872ರಲ್ಲಿ ಕಟ್ಟಿಸಿದ ಉಗಿಹಡಗು ಕಂಪನಿ ದಕ್ಷಿಣದ ಅಕ್ಕಿಯನ್ನು ತಿಯಾನ್‌ಜಿನ್ ಬಂದರಿಗೆ ತರುತ್ತಿತ್ತು. 1877ರಲ್ಲಿ ಅದು ಯಾಂಗ್‌ತ್ಸೆ ನದಿಯಲ್ಲಿ ಓಡುತ್ತಿದ್ದ ಅಮೆರಿಕನ್ ಕಂಪನಿಯೊಂದರ ಹಡಗುಗಳನ್ನೂ ಕೊಂಡುಕೊಂಡಿತು. ಬಂದರಿನ ದಂಡೆಯ ಮೇಲೆ ಚೀಲಗಳು ರಾಶಿ ಬಿದ್ದಿದ್ದವು. ಬರ ಅತ್ಯಂತ ಕ್ರೂರವಾಗಿದ್ದ ಒಳನಾಡಿನ ಶಾನ್ಸಿ ಪ್ರಾಂತ್ಯಕ್ಕೆ ಮಾತ್ರ ಗುಗುವಾನ್ ಕಣಿವೆಯ ಬೆಟ್ಟದ ದಾರಿಯೊಂದೇ ಗತಿ. ಒಂಟೆ, ಎತ್ತು, ಹೇಸರಗತ್ತೆ, ಕತ್ತೆಗಳು ಆ ಇಕ್ಕಟ್ಟಿನಲ್ಲಿ ಒಂದರ ಮೇಲೊಂದು ಬಿದ್ದವು, ಗಾಡಿಗಳು ಮುರಿದವು. ಹಸಿದ ಜನ ಹೇರು ಹೊತ್ತ ಪ್ರಾಣಿಗಳನ್ನೇ ಕೊಂದು ತಿಂದರೆಂದು ಅಂದಿನ ವರದಿಗಳಲ್ಲಿದೆ.

ಅದೇ 1877ರಲ್ಲಿ ಶಾಂಘೈ ಬಳಿಯ ಪುಟ್ಟ ವೂಸಾಂಗ್ ರೈಲನ್ನು ಸರ್ಕಾರ 2,85,000 ಟೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ತೆತ್ತು ಕೊಂಡು ಕಿತ್ತುಹಾಕಿತು. ಇದನ್ನು ಮೂಢತನವೆಂದು ನಗುವವರಿದ್ದಾರೆ. ಬ್ರಿಟಿಷ್ ವ್ಯಾಪಾರಿಗಳು ಅಪ್ಪಣೆಯಿಲ್ಲದೆ ಹಾಕಿದ ಹಳಿ ಅದು. ನಮ್ಮ ಹೊಲದಲ್ಲಿ ಹಾಗೆ ಹಾಕಿದ್ದರೆ ನಾವೇನು ಆರತಿ ಎತ್ತುತ್ತಿದ್ದೆವೇ? ಅದು ಉಳಿದಿದ್ದರೂ ಶಾನ್ಸಿಗೆ ಒಂದು ಹಿಡಿ ಅಕ್ಕಿ ಮುಟ್ಟುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಶಾನ್ಸಿಯ ತೈಯುವಾನ್‌ಗೆ ಮೀಟರ್ ಗೇಜ್ ಹಳಿ ತಲುಪಿದ್ದು 1907ರಲ್ಲಿ.

ಅವೇ ವರ್ಷಗಳ ಬರ ನಮ್ಮ ಅಂದಿನ ಕಲಾದಗಿ ಜಿಲ್ಲೆಯನ್ನೂ ಹಿಂಡಿತ್ತು. ಅದರ ಬೆನ್ನಿಗೇ, ಬರ ಪರಿಹಾರದ ಮಾರ್ಗವೆಂದು 1884ರಲ್ಲಿ ಹೋಟಗಿ–ಗದಗ ಮೀಟರ್ ಗೇಜ್ ಬಂದಿತು. ಹಾಗೆಂದು ರೈಲು ತಾನಾಗಿ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಆ ಬರಗಾಲದಲ್ಲೇ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ಕುಡಚಿ ಮಾರ್ಗ ಮಂಜೂರಾಗಿ ದಶಕ ದಾಟಿದೆ, ಎರಡು ತುದಿಗಳು ಇನ್ನೂ ಕೂಡಿಲ್ಲ. ಭೂಮಿ ಕೊಟ್ಟವರ ಹಣ ಮೊದಲು ಚುಕ್ತಾ ಆಗಲಿ. ತಕರಾರು ಅರ್ಧ ಅಲ್ಲೇ ಮುಗಿಯುತ್ತದೆ. ಎರಡನೆಯದನ್ನು ಯಾರೂ ಕೇಳುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೆಕ್ಕೆಜೋಳದ ಚೀಲವೊಂದು ಟ್ರ್ಯಾಕ್ಟರಿನಿಂದ ಲಾರಿಗೆ, ಲಾರಿಯಿಂದ ವ್ಯಾಗನ್ನಿಗೆ ಏರಿಳಿದಷ್ಟು ಸಲ ಹಮಾಲಿ ಬೀಳುತ್ತದೆ, ಕೊಕ್ಕೆ ಚುಚ್ಚಿದ ತೂತಿನಿಂದ ಕಾಳು ಸೋರುತ್ತದೆ, ಆ ತೂಕದ ಕಡಿತ ರೈತನ ಲೆಕ್ಕಕ್ಕೇ ಬರುತ್ತದೆ. ಲೋಕಾಪುರ, ಮುಧೋಳ ಭಾಗದ ನಿಲ್ದಾಣಗಳಲ್ಲಿ ಪ್ರಯಾಣಿಕರ ಬೆಂಚಿನ ಜೊತೆಗೇ ಸರಕಿನ ಶೆಡ್ಡು, ಟ್ರ್ಯಾಕ್ಟರು ನೇರ ಬಂದು ನಿಲ್ಲುವ ಕಟ್ಟೆ, ಊರಿಂದ ಅಲ್ಲಿಯವರೆಗೆ ಮಳೆಗಾಲದಲ್ಲೂ ಗಾಲಿ ಹೂತುಹೋಗದ ರಸ್ತೆ ನಕಾಶೆಯಲ್ಲಿವೆಯೇ? ಇದ್ದರೆ ಸಂಬಂಧಪಟ್ಟವರು ಇದೇ ಅಂಕಣದಲ್ಲಿ ತಿಳಿಸಲಿ. ಇಲ್ಲದಿದ್ದರೆ ಕಾಂಕ್ರೀಟು ಹಾಕುವ ಮೊದಲೇ ಸೇರಿಸಲಿ.

– ನಿವೃತ್ತ ಗುಮಾಸ್ತ, ನವನಗರ, ಬಾಗಲಕೋಟೆ