ವೈದ್ಯರ ಚೀಟಿ ಇಲ್ಲದೆ ಸ್ಟೀರಾಯ್ಡ್ ಟ್ಯೂಬು ಮಾರುವುದನ್ನು ನಿಲ್ಲಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಮಳೆ ಹಿಡಿಯಿತೆಂದರೆ ಮಲೆನಾಡು, ಕರಾವಳಿಯಲ್ಲಿ ತೊಡೆಸಂದಿ, ಕಂಕುಳು, ಸೊಂಟ ಕೆರೆದುಕೊಳ್ಳುವವರೇ ಎಲ್ಲೆಲ್ಲೂ. ಗಜಕರ್ಣ ಎನ್ನಿ, ಹುಳುಕಡ್ಡಿ ಎನ್ನಿ. ಹುಳುವೇನೂ ಇಲ್ಲ, ಚರ್ಮದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರ ಅದು. ಹಿಂದೆಲ್ಲ ಮಳೆಗಾಲದ ಜೊತೆಗೇ ಹೋಗುತ್ತಿತ್ತು. ಈಗ ಬೇಸಿಗೆಗೂ ಬಿಡುವುದಿಲ್ಲ, ಒಬ್ಬರಿಗೆ ಬಂದದ್ದು ಮನೆಮಂದಿಗೆಲ್ಲ ಹಬ್ಬುತ್ತದೆ. ಕಾರಣ ತಮಗೆ ಗೊತ್ತಿಲ್ಲದ್ದೇನಲ್ಲ.

ಮೆಡಿಕಲ್ ಶಾಪಿನಲ್ಲಿ "ತುರಿಕೆಗೆ ಏನಾದರೂ ಕೊಡಿ" ಎಂದರೆ ಕೈಗೆ ಬರುವ ಟ್ಯೂಬನ್ನು ಒಮ್ಮೆ ತಿರುಗಿಸಿ ಓದಿ. ಕ್ಲೋಬೆಟಾಸಾಲ್ ಎಂಬ ಅತಿ ಪ್ರಬಲ ಸ್ಟೀರಾಯ್ಡು, ಒಂದು ಆಂಟಿಬಯಾಟಿಕ್ಕು, ಜೊತೆಗಿಷ್ಟು ಶಿಲೀಂಧ್ರದ ಔಷಧಿ. ಹಚ್ಚಿದ ಎರಡು-ಮೂರು ದಿನಕ್ಕೆ ತುರಿಕೆ ಮಾಯ. ಶಿಲೀಂಧ್ರ ಅಲ್ಲೇ ಇರುತ್ತದೆ. ಅದನ್ನು ಎದುರಿಸಬೇಕಾದ ಮೈಯ ಶಕ್ತಿಯನ್ನೇ ಸ್ಟೀರಾಯ್ಡು ಮಲಗಿಸಿರುತ್ತದೆ. ಹಚ್ಚುವುದು ಬಿಟ್ಟರೆ ದುಪ್ಪಟ್ಟು ಕೆರೆತ, ಮತ್ತೆ ಅದೇ ಟ್ಯೂಬು. ಕಲೆಯ ಉಂಗುರದ ಆಕಾರ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗುವುದಿಲ್ಲ. ತೊಡೆಸಂದಿಯ ತೆಳು ಚರ್ಮ ಔಷಧಿಯನ್ನು ಹೆಚ್ಚು ಹೀರುತ್ತದೆ. ಅಲ್ಲಿ ಬೀಳುವ ಬರೆ ಜನ್ಮದಲ್ಲಿ ಹೋಗುವುದಿಲ್ಲ. ಹದಿನೆಂಟರ ಹುಡುಗರ ತೊಡೆಯ ಮೇಲೆ ಬಸುರಿಯ ಹೊಟ್ಟೆಯ ಗೆರೆ!

2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಟ್ಯೂಬಿನ ಮೇಲೂ ಹಾಗೆಂದೇ ಅಚ್ಚಾಗಿದೆ. ಔಷಧ ಪರಿವೀಕ್ಷಕರಿಗೆ ಆ ಅಕ್ಷರ ಸಣ್ಣದಾಗಿ ಕಾಣುತ್ತಿದ್ದರೆ ಹೇಳಿ, ಊರಲ್ಲಿ ಚಂದಾ ಎತ್ತಿ ಭೂತಕನ್ನಡಿ ಕೊಡಿಸುತ್ತೇವೆ. ಮಾರುವುದನ್ನು ಮಾತ್ರ ನಿಲ್ಲಿಸಿ.

ಈ ಸೋಂಕಿಗೆ ಕಾರಣವಾದ ಒಂದು ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ತಜ್ಞರು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಸೇರಿದೆ, ಹೆಮ್ಮೆ ಪಡೋಣವೇ? ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ 250 ಮಿ.ಗ್ರಾಂ ಮಾತ್ರೆಗೆ ಇದರ ಎಷ್ಟೋ ತಳಿಗಳು ಬಗ್ಗುವುದೇ ಇಲ್ಲ. ಆದರೂ ಆಸ್ಪತ್ರೆಗಳಲ್ಲಿ ಒಂದು ವಾರದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಕಲೆ ಮಾಸಿದ ಮೇಲೂ ಎರಡು ವಾರ, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಸ್ಟೀರಾಯ್ಡಿಲ್ಲದ ಶಿಲೀಂಧ್ರದ ಮುಲಾಮು ಹಚ್ಚಬೇಕು, ಸೋಂಕಿರುವ ಮನೆಯವರೆಲ್ಲ ಒಟ್ಟಿಗೇ ಚಿಕಿತ್ಸೆ ತೆಗೆದುಕೊಳ್ಳಬೇಕು ಎಂದು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಬಟ್ಟೆಯನ್ನು ಬಿಸಿಲಿಗೆ ಒಣಹಾಕಿ ಎಂಬ ಸಲಹೆಗೇನೂ ಕಡಿಮೆಯಿಲ್ಲ. ಆಷಾಢದಲ್ಲಿ ಬಿಸಿಲು ಯಾವ ಇಲಾಖೆಯಿಂದ ಮಂಜೂರಾಗುತ್ತದೆ, ಸ್ವಾಮಿ? ಬಿಸಿನೀರಲ್ಲಿ ಒಗೆದು ಇಸ್ತ್ರಿ ಹಾಕಿ ಎಂದಾದರೂ ಹೇಳಿಸಿ.

ಶಿಲೀಂಧ್ರ ಇದೆಯೇ ಎಂಬ ಪರೀಕ್ಷೆಗೆ ದೊಡ್ಡ ಖರ್ಚೇನಿಲ್ಲ. ಕ್ಷಯದ ಕಫ ನೋಡುವ ಮೈಕ್ರೋಸ್ಕೋಪೇ ಸಾಕು. ಬೇಕಾದದ್ದು ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಬಾಟಲಿ. ಉಂಗುರದ ಅಂಚಿನಿಂದ (ನಡುವಿನಿಂದ ಕೆರೆದರೆ ಸಿಗುವುದು ಕಡಿಮೆ) ಹೊಟ್ಟು ಕೆರೆದು ಸ್ಲೈಡಿಗೆ ಹಾಕಿ, ಒಂದೆರಡು ಹನಿ ಬಿಟ್ಟು, ಹತ್ತಿಪ್ಪತ್ತು ನಿಮಿಷ ಕಾದರೆ ಕವಲೊಡೆದ ಎಳೆಗಳು ಕಾಣುತ್ತವೆ. ತಾಲೂಕು ಆಸ್ಪತ್ರೆಗಳಿಗೆ ಆ ಬಾಟಲಿ ಕೊಡಿಸಿ.

ಬಾಟಲಿ ತಡವಾದರೂ ಸರಿ. ಟ್ಯೂಬು ಮಾರುವುದನ್ನು ಈ ಮಳೆಗಾಲ ಮುಗಿಯುವುದರೊಳಗೆ ನಿಲ್ಲಿಸಿ.

ಇಂತಿ,
ಮಲೆನಾಡಿನ ನಾಗರಿಕರು