ಪೈಪಿನ ಎರಡೂ ತುದಿ ನೋಡು

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಹಳೆಯ ಕಾರ್ಖಾನೆಯ ಪೈಪಿಂಗ್ ಭೂಕಂಪಕ್ಕೆ ತಡೆದೀತೇ ಎಂದು ನೋಡುವ ಕೆಲಸ ನಿನಗೆ ಬಂದಿದೆಯಂತೆ, ಸಂತೋಷ. ಆದರೆ ಮೊದಲ ದಿನವೇ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಲು ಕೂತೆ ಎಂದು ನಿನ್ನಪ್ಪ ಹೇಳಿದ. ಅದಕ್ಕೇ ಈ ಪತ್ರ. ಮೊದಲು ಹೆಲ್ಮೆಟ್ ಹಾಕಿಕೊಂಡು ಲೈನಿನುದ್ದಕ್ಕೂ ನಡೆ. ಡ್ರಾಯಿಂಗಿನಲ್ಲಿರುವ ಸಪೋರ್ಟು ಜಾಗದಲ್ಲಿ ಇಲ್ಲದೇ ಇರುವುದು ನಮ್ಮ ಕಸುಬಿನಲ್ಲಿ ಮಾಮೂಲು.

ವೆಲ್ಡ್ ಮಾಡಿದ ಉಕ್ಕಿನ ಪೈಪು ತುಕ್ಕು ಹಿಡಿಯದಿದ್ದರೆ ಬರೀ ಅಲುಗಾಟಕ್ಕೆ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ಬಾಗುತ್ತದೆ, ತೂಗಾಡುತ್ತದೆ, ಸಪೋರ್ಟಿನಿಂದ ಜಾರಿದರೂ ಒಳಗಿನದನ್ನು ಚೆಲ್ಲದೆ ಹಿಡಿದಿರುತ್ತದೆ. ಕೆಡುವುದು ಅದರ ಎರಡು ತುದಿಗಳು ಬೇರೆ ಬೇರೆ ಕಡೆ ಹೊರಟಾಗ. ತಳಕ್ಕೆ ಬೋಲ್ಟ್ ಇಲ್ಲದ ಟ್ಯಾಂಕಿನ ಒಂದು ಅಂಚು ಕಂಪನಕ್ಕೆ ಮೇಲೇಳಬಹುದು. ಅದರ ನಾಝಲ್‌ನಿಂದ, ಅಂದರೆ ಪೈಪು ಕೂಡುವ ಬಾಯಿಯಿಂದ, ಹೊರಟ ಪೈಪನ್ನು ಎರಡೇ ಅಡಿ ದೂರದಲ್ಲಿ ಕಾಂಕ್ರೀಟಿಗೆ ಬಿಗಿದಿದ್ದರೆ, ಸೀಳುವುದು ಟ್ಯಾಂಕಿನ ಗೋಡೆ. ಎರಡು ಕಟ್ಟಡಗಳ ನಡುವೆ ದಾಟುವ ಲೈನಿಗೂ ಇದೇ ಪಾಡು.

ಚಿಕ್ಕ ಬ್ರಾಂಚುಗಳ ಬಗ್ಗೆ ನನಗೆ ಹೆಚ್ಚು ಭಯ. ದಪ್ಪ ಲೈನಿಗೆ ಅಲುಗಾಡಲು ಜಾಗ ಬಿಟ್ಟಿರುತ್ತಾರೆ. ಅದರಿಂದ ಕವಲೊಡೆದ ಮುಕ್ಕಾಲು ಇಂಚಿನದನ್ನು ಪಕ್ಕದ ಕಂಬಕ್ಕೆ ಯು-ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಮ್ಮನ ಸೆರಗು ಬಾಗಿಲಿಗೆ ಸಿಕ್ಕಿಕೊಂಡ ಹಾಗೆ. ಅಲ್ಲಿ ತಿರುಪಿನಂತೆ ತಿರುಗಿಸಿ ಕೂಡಿಸಿದ ಥ್ರೆಡ್ ಜಾಯಿಂಟ್ ಇದ್ದರಂತೂ ಕೆಂಪು ಶಾಯಿಯಲ್ಲಿ ಗುರುತು ಹಾಕು. ಪೈಪನ್ನು ಮೇಲಿನಿಂದ ತೂಗುಹಾಕುವ ಉದ್ದದ ಹ್ಯಾಂಗರ್ ರಾಡುಗಳ ಸಾಲಿನಲ್ಲಿ ಒಂದೇ ಒಂದು ಗಿಡ್ಡ ರಾಡ್ ಕಂಡರೂ ಹಾಗೇ ಮಾಡು, ಬಾಗುವ ಏಟೆಲ್ಲ ಅದಕ್ಕೇ ಬೀಳುತ್ತದೆ.

ಹಾಗೆಂದು ಎಲ್ಲ ಕಡೆ ಸಪೋರ್ಟ್ ಜಡಿಯಬೇಡ. ಬಿಸಿ ಲೈನಿಗೆ ಹಿಗ್ಗಲು ಜಾಗ ಬೇಕು. ಭೂಕಂಪ ಬರಲಿ ಬಿಡಲಿ, ಆ ಹಿಗ್ಗುವಿಕೆ ಪ್ರತಿ ಸಲ ಘಟಕ ಚಾಲೂ ಆದಾಗಲೂ ಇದ್ದೇ ಇರುತ್ತದೆ. ನಿಧಾನದ ಚಲನೆಗೆ ಬಿಟ್ಟುಕೊಟ್ಟು ಹಠಾತ್ ಎಳೆತಕ್ಕೆ ಬಿಗಿಯುವ ಸ್ನಬ್ಬರ್ ಇದೆ ನಿಜ, ಆದರೆ ನೋಡಿಕೊಳ್ಳುವವರಿಲ್ಲದ ಕಡೆ ಅದನ್ನು ನಾನು ಸೂಚಿಸುವುದಿಲ್ಲ.

ಪೈಪಿನ ಅಕ್ಕಪಕ್ಕವನ್ನೂ ನೋಡು. 1999ರ ಆಗಸ್ಟಿನಲ್ಲಿ ಟರ್ಕಿಯ ಇಜ್ಮಿತ್ ಬಳಿಯ ರಿಫೈನರಿಯಲ್ಲಿ ಎತ್ತರದ ಕಾಂಕ್ರೀಟ್ ಚಿಮಣಿ ಕುಸಿದು ಕೆಳಗಿನ ಪೈಪುಗಳ ಮೇಲೆ ಬಿತ್ತು. ಬೆಂಕಿ ಹತ್ತಿತು, ಘಟಕಕ್ಕೆ ನೀರು ತರುವ ಲೈನೂ ಒಡೆದಿತ್ತು. 2007ರ ಜುಲೈನಲ್ಲಿ ಜಪಾನಿನ ಕಾಶಿವಾಝಾಕಿ-ಕಾರಿವಾ ಅಣುಸ್ಥಾವರದಲ್ಲಿ ನೆಲ ಒಂದೊಂದು ಕಡೆ ಒಂದೊಂದು ಮಟ್ಟಕ್ಕೆ ಕುಸಿದು ಟ್ರಾನ್ಸ್‌ಫಾರ್ಮರಿಗೆ ಬೆಂಕಿ ತಗುಲಿತು. ಆರಿಸಲು ಹೋದರೆ ನೆಲದಡಿಯ ಅಗ್ನಿಶಾಮಕ ಪೈಪುಗಳೇ ಒಡೆದಿದ್ದವು. ನಿನ್ನ ಪಟ್ಟಿಯಲ್ಲಿ ಆ ನೀರಿನ ಲೈನು ಎಲ್ಲಕ್ಕಿಂತ ಮೇಲಿರಲಿ, ಆಮೇಲೆ ವಿಷಾನಿಲ, ಸುಡುವ ದ್ರವ.

ಇಷ್ಟಾದ ಮೇಲೆ ಮಾಡೆಲ್. ನೆಲದ ಮೇಲಿನ ಪೈಪಿಂಗಿಗೆ, ಹಳೆಯದನ್ನು ಬಲಪಡಿಸುವುದಕ್ಕೂ ಸೇರಿಸಿ, ಬರೆದದ್ದೇ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಭೂಕಂಪ ಮಾನದಂಡ ಎಎಸ್‌ಎಂಇ ಬಿ31ಇ, ಅದನ್ನು ಪಕ್ಕದಲ್ಲಿಟ್ಟುಕೋ. ಗೋಡೆಯ ದಪ್ಪವನ್ನು ಕ್ಯಾಟಲಾಗಿನಿಂದ ಎತ್ತಬೇಡ, ಅಲ್ಟ್ರಾಸೋನಿಕ್ ಗೇಜಿನಲ್ಲಿ ಅಳೆದ ಅಂಕಿ ಹಾಕು. ಪೈಪು ಪಾಸಾಯಿತೆಂದು ನಿಲ್ಲಿಸದೆ, ಸಪೋರ್ಟಿಗೆ ಬೀಳುವ ಬಲ ಕಾಂಕ್ರೀಟಿನ ಆಂಕರ್ ಬೋಲ್ಟಿನವರೆಗೂ ಹೋಗುತ್ತದೆಯೇ, ಅಲ್ಲಿ ಅದು ತಡೆಯುತ್ತದೆಯೇ ನೋಡು.

ಅಗ್ನಿಶಾಮಕ ಲೈನಿನ ದಾರಿಯನ್ನು ಮೂರು ಆಯಾಮದಲ್ಲಿ ತೋರಿಸುವ ಐಸೋಮೆಟ್ರಿಕ್ ಡ್ರಾಯಿಂಗನ್ನೂ ಪಂಪ್ ಹೌಸಿನ ಗೋಡೆ ದಾಟುವ ಜಾಗದ ಫೋಟೋವನ್ನೂ ಕಳಿಸು. ಗೋಡೆಯ ತೂತಿನಲ್ಲಿ ಪೈಪಿನ ಸುತ್ತ ಗಾರೆ ತುಂಬಿದ್ದಾರೋ ಇಲ್ಲವೋ ಎನ್ನುವುದು ಕಾಣುವಂತೆ ತೆಗಿ.

ನಿನ್ನ ದೊಡ್ಡಪ್ಪ