ಭಾನುವಾರದ ಇತಿಹಾಸ ಮಾತುಕತೆ: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರದ ಆನ್‌ಲೈನ್ ಮಾತುಕತೆ ಬೆಳಿಗ್ಗೆ 10ಕ್ಕಲ್ಲ, ಸಂಜೆ 5ಕ್ಕೆ. ಬೆಳಿಗ್ಗೆ ಮೂರ್ನಾಲ್ಕು ಜನರಿಗೆ ಮದುವೆ ಊಟವಿದೆಯಂತೆ. ಲಿಂಕ್ ಹಳೆಯದೇ.

ವಿಷಯ: ರೋಮನ್ನರು ಮತ್ತು ಗ್ರೀಕರು, ಕ್ರಿ.ಪೂ. 197ರಿಂದ 146. ರೋಮಿನ ಮೇಲೆ ಆನೆಗಳೊಂದಿಗೆ ದಂಡೆತ್ತಿ ಬಂದ ಗ್ರೀಕ್ ದೊರೆ ಪಿರ್ರಸ್ ಕಥೆ ಹೋದ ತಿಂಗಳೇ ಮುಗಿದಿದೆ, ದಯವಿಟ್ಟು ಮತ್ತೆ ಅವನ ಆನೆಗಳ ಹಿಂದೆ ಹೋಗುವುದು ಬೇಡ 😄

ಬರುವ ಮುಂಚೆ ಇಷ್ಟು ತಲೆಯಲ್ಲಿರಲಿ. 197ರಲ್ಲಿ ಗ್ರೀಸಿನ ಸೈನೊಸ್ಕೆಫಲೆ ಗುಡ್ಡಗಳಲ್ಲಿ ರೋಮಿನ ಸೇನಾಪತಿ ಫ್ಲಮಿನಿನಸ್, ಮ್ಯಾಸಿಡೋನಿಯದ ದೊರೆ 5ನೇ ಫಿಲಿಪ್‌ನನ್ನು ಸೋಲಿಸಿದ. ಫಿಲಿಪ್‌ನ ಸೈನಿಕರ ಉದ್ದನೆಯ ಈಟಿಗಳ ಫ್ಯಾಲಂಕ್ಸ್ ವ್ಯೂಹ ಬಯಲಲ್ಲಿ ಕೋಟೆಯಂತೆ. ಏರುತಗ್ಗಿನಲ್ಲಿ ಸಾಲು ಒಡೆಯಿತು, ರೋಮನ್ ತುಕಡಿಗಳು ಹಿಂದಿನಿಂದ ಬಿದ್ದವು. ಮರುವರ್ಷ ಕೊರಿಂಥ್ ಬಳಿಯ ಇಸ್ತ್ಮಿಯನ್ ಕ್ರೀಡಾಕೂಟದಲ್ಲಿ ಫ್ಲಮಿನಿನಸ್ಸೇ ಗ್ರೀಕರು ಮ್ಯಾಸಿಡೋನಿಯದ ಹಿಡಿತದಿಂದ ಸ್ವತಂತ್ರರೆಂದು ಡಂಗುರ ಹೊಡೆಸಿದ. 146ರಲ್ಲಿ ಅದೇ ಕೊರಿಂಥನ್ನು ರೋಮಿನ ಮುಮ್ಮಿಯಸ್ ಹಾಳುಗೆಡವಿದ. ನಡುವಿನ 50 ವರ್ಷಗಳಲ್ಲಿ ಏನಾಯಿತು ಅನ್ನುವುದೇ ಚರ್ಚೆ.

ನನಗೆ ಯುದ್ಧಕ್ಕಿಂತ ಇಷ್ಟವಾದದ್ದು 168ರ ಪ್ರಸಂಗ. ಈಜಿಪ್ಟಿಗೆ ನುಗ್ಗಿದ್ದ ಸಿರಿಯದ ಗ್ರೀಕ್ ದೊರೆ 4ನೇ ಆಂಟಿಯೋಕಸ್ ಸುತ್ತ ರೋಮಿನ ದೂತ ಪೊಪಿಲಿಯಸ್ ಕೋಲಿನಿಂದ ಗೆರೆ ಎಳೆದು, ಇದನ್ನು ದಾಟುವ ಮೊದಲು ಉತ್ತರ ಕೊಡು ಅಂದ. ದೊರೆ ದಂಡು ಹಿಂತೆಗೆದುಕೊಂಡ!

ಮಾತನಾಡುವವರಿಗೆ ತಲಾ 10 ನಿಮಿಷ, ಉಳಿದವರು ಮೈಕ್ ಆಫ್ ಇಟ್ಟಿರಿ. ಪ್ರತಿಯೊಬ್ಬರೂ ಒಂದು ಪ್ರಶ್ನೆ ತನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಈ ಸಂದೇಶಕ್ಕೇ ರಿಪ್ಲೈ ಮಾಡಿ. ಬೇರೆ ಕಡೆ ಹಾಕಿದರೆ ಶುಭೋದಯ ಚಿತ್ರಗಳ ಮಧ್ಯೆ ನನಗೆ ಸಿಗುವುದಿಲ್ಲ.